ಗಾಡಿಯ ತೂಕ, ಸೇತುವೆಯ ತಾಕತ್ತು

ಸಣ್ಣ ಪಟ್ಟಣದ ಬಜೆಟ್ ಪುಸ್ತಕದಲ್ಲಿ ಅಗ್ನಿಶಾಮಕ ದಳದ ಖರ್ಚು ಒಂದು ಪುಟದಲ್ಲಿದ್ದರೆ ಸೇತುವೆ ದುರಸ್ತಿಯದ್ದು ಹತ್ತು ಪುಟ ಆಚೆ ಇರುತ್ತದೆ. ನೋಡುವ ಸಮಿತಿ ಬೇರೆ, ಚರ್ಚೆಯ ದಿನ ಬೇರೆ, ಎಸ್ಟಿಮೇಟ್ ಬರೆಯುವ ಕೈಯೂ ಬೇರೆ. ದುಡ್ಡು ಸಾಲದ ವರ್ಷ ಒಂದಕ್ಕೆ ಕೊಟ್ಟು ಇನ್ನೊಂದನ್ನು ಮುಂದೂಡುವುದು ರೂಢಿ. ಮುಂದಿನ ವರ್ಷ ಅದೇ ತಿರುವುಮುರುವು. ಆದರೆ ರಾತ್ರಿ ಎರಡು ಗಂಟೆಗೆ ಕರೆ ಬಂದಾಗ ಪಟ್ಟಣದ ಸ್ವತ್ತಿನಲ್ಲೇ ಅತಿ ಭಾರದ ವಾಹನ, ಪಟ್ಟಣದ ಅತಿ ಸೋತ ಸೇತುವೆಯನ್ನು ದಾಟಲೇಬೇಕಾಗುತ್ತದೆ. ಈ ಎರಡು ಬಾಬತ್ತನ್ನು ಒಂದೇ ಹಾಳೆಯ ಮೇಲಿಟ್ಟು ನೋಡದ ಬಜೆಟ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅರ್ಧ ಲೆಕ್ಕವೇ ಸರಿ.

ತೂಕದಿಂದಲೇ ಶುರು ಮಾಡೋಣ. ನೀರು ಲೀಟರಿಗೆ ಒಂದು ಕಿಲೋ. 3,800 ಲೀಟರಿನ ಟ್ಯಾಂಕ್ ಇರುವ ಪಂಪರ್ ಗಾಡಿಯಲ್ಲಿ ನೀರೊಂದೇ 3.8 ಟನ್. ನೀರು ಸಾಗಿಸಲೆಂದೇ ಇರುವ ಟ್ಯಾಂಕರಿನಲ್ಲಿ ಅದು 11 ಟನ್ನಿಗೂ ಮೇಲೆ ಹೋಗುವುದುಂಟು. ಅದಕ್ಕೆ ಷಾಸಿ, ಪಂಪು, ಹೋಸ್, ಏಣಿ, ಆಳುಗಳ ತೂಕ ಸೇರಿಸಬೇಕು. ಅಮೆರಿಕದಲ್ಲಿ 2015ರ ಫಾಸ್ಟ್ ಎಂಬ ಸಾರಿಗೆ ಕಾಯ್ದೆ ತುರ್ತು ವಾಹನಗಳಿಗೆ ಅಂತರರಾಜ್ಯ ಹೆದ್ದಾರಿಗಳಲ್ಲಿ 86,000 ಪೌಂಡ್, ಅಂದರೆ ಸುಮಾರು 39 ಟನ್ ತನಕ ಅವಕಾಶ ಕೊಟ್ಟಿತು. ಅದರ ಬೆನ್ನಿಗೇ ಅಲ್ಲಿನ ಫೆಡರಲ್ ಹೆದ್ದಾರಿ ಆಡಳಿತ ಸೇತುವೆಗಳ ಸಾಮರ್ಥ್ಯ ಲೆಕ್ಕ ಹಾಕಲು ಎರಡು ಮಾದರಿ ಗಾಡಿಗಳನ್ನು ನಿಗದಿ ಮಾಡಿತು. ಮೊದಲನೆಯದು ಇವಿ-2 (ಇವಿ ಎಂದರೆ ಇಲ್ಲಿ ತುರ್ತು ವಾಹನ). ಇದಕ್ಕೆ ಎರಡೇ ಆಕ್ಸಲ್ (ಗಾಲಿಗಳನ್ನು ಹೊತ್ತ ಅಚ್ಚು): ಮುಂದೆ 10.9 ಟನ್, ಹಿಂದೆ 15.2 ಟನ್, ನಡುವೆ 15 ಅಡಿ ಅಂತರ. ಎರಡನೆಯದು ಇವಿ-3. ಅದರ ಹಿಂದಿನ ಜೋಡಿ ಆಕ್ಸಲ್ ಮೇಲೆಯೇ 28 ಟನ್.

ಒಟ್ಟು ತೂಕಕ್ಕಿಂತ ಅಪಾಯ ಇರುವುದು ಆ 15 ಅಡಿಯಲ್ಲಿ. ಐದು ಆಕ್ಸಲಿನ ಸರಕು ಲಾರಿ 36 ಟನ್ ಇದ್ದರೂ ತನ್ನ ಭಾರವನ್ನು 15 ಮೀಟರಿಗೂ ಉದ್ದಕ್ಕೆ ಹರಡಿಕೊಂಡಿರುತ್ತದೆ. 6 ಮೀಟರ್ ಸೇತುವೆಯ ಮೇಲೆ ಅದು ಯಾವ ಹೊತ್ತಿಗೂ ಪೂರ್ತಿಯಾಗಿ ನಿಲ್ಲುವುದೇ ಇಲ್ಲ. ಒಂದೋ ಎರಡೋ ಆಕ್ಸಲ್ ಮಾತ್ರ ಮೇಲಿರುತ್ತವೆ. 26 ಟನ್ನಿನ ಅಗ್ನಿಶಾಮಕ ಗಾಡಿ ಅದೇ ಸೇತುವೆಯ ಮೇಲೆ ಎರಡೂ ಆಕ್ಸಲ್ ಸಮೇತ ಕೂತುಬಿಡುತ್ತದೆ. ‘ಇಟ್ಟಿಗೆ ಲಾರಿಗಳೇ ದಿನಾ ಓಡಾಡುತ್ತವೆ, ಫೈರ್ ಇಂಜಿನ್‌ಗೆ ಏನಾಗುತ್ತೆ’ ಎನ್ನುವ ಮಾತು ಸಭೆಯಲ್ಲಿ ಬಂದೇ ಬರುತ್ತದೆ. ಉತ್ತರ ಇದು: ಆಕ್ಸಲ್ ತೂಕವನ್ನೂ ಆಕ್ಸಲ್‌ಗಳ ಅಂತರವನ್ನೂ ಎಂಜಿನಿಯರಿಗೆ ಕೊಟ್ಟು, ಆ ಗಾಡಿಯ ಹೆಸರಿನಲ್ಲೇ ರೇಟಿಂಗ್, ಅಂದರೆ ಸೇತುವೆ ಎಷ್ಟು ಭಾರ ತಾಳುತ್ತದೆಂಬ ಲೆಕ್ಕ, ಮಾಡಿಸಿ. ಗಾಡಿಯನ್ನು ನೀರು ತುಂಬಿಸಿ, ಸಾಮಾನು ಹೇರಿ, ತೂಕದ ಕಟ್ಟೆಯ ಮೇಲೆ ಆಕ್ಸಲ್ ಆಕ್ಸಲಾಗಿ ನಿಲ್ಲಿಸಿದರೆ ಅರ್ಧ ದಿನದ ಕೆಲಸ. ಕಂಪನಿಯ ಕಾಗದದಲ್ಲಿರುವ ತೂಕವನ್ನು ನಂಬಿ ಕೂರಬಾರದು. ವರ್ಷಗಟ್ಟಲೆ ಒಂದೊಂದೇ ಸಾಮಾನು ಸೇರಿಸುತ್ತ ಹೋಗಿ ಟನ್ನಿನ ಮೇಲೆ ಭಾರ ಏರಿದ ಗಾಡಿಗಳು ಅಪರೂಪವೇನಲ್ಲ.

ತೂಕ ಮಿತಿಯ ಫಲಕ ಹಾಕಿದ ಸೇತುವೆಗೆ ಸಭೆಗಳಲ್ಲಿ ಸೂಚಿಸುವ ಸುಲಭದ ಉಪಾಯ, ಅರ್ಧ ನೀರು ಖಾಲಿ ಮಾಡಿ ದಾಟಿಸೋಣ ಎನ್ನುವುದು. ಬೇಡ. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ಹೊಯ್ದಾಡಿ ತಿರುವಿನಲ್ಲಿ ಗಾಡಿ ಮಗುಚುವ ಅಪಾಯ ಹೆಚ್ಚು. ಪೂರ್ತಿ ಖಾಲಿ ಮಾಡಿದರೆ ಆಚೆ ದಡಕ್ಕೆ ಹೋಗಿ ಮಾಡುವುದೇನು? ಸುತ್ತುದಾರಿ ಹಿಡಿದರೆ ಎಷ್ಟು ನಿಮಿಷ ಎಂಬುದನ್ನು ಕೂಡ ಬಜೆಟ್ ಹಾಳೆಯಲ್ಲಿ ಬರೆಯಬೇಕು. ಸುರಕ್ಷತಾ ಪರೀಕ್ಷೆ ನಡೆಸುವ ಅಮೆರಿಕದ ಯುಎಲ್ ಸಂಸ್ಥೆ ಮಾಡಿದ ಹೋಲಿಕೆ ಪ್ರಯೋಗದಲ್ಲಿ, ಹಳೆ ಕಾಲದ ಮರ–ಹತ್ತಿಯ ಪೀಠೋಪಕರಣಗಳಿದ್ದ ಕೋಣೆ ಪೂರ್ತಿ ಹೊತ್ತಿ ಉರಿಯಲು 29 ನಿಮಿಷಕ್ಕೂ ಹೆಚ್ಚು ಹಿಡಿಯಿತು. ಫೋಮ್–ಪ್ಲಾಸ್ಟಿಕ್ ಸಾಮಾನಿದ್ದ ಕೋಣೆಗೆ 4 ನಿಮಿಷವೂ ಬೇಕಾಗಲಿಲ್ಲ. ಹಾಗಿರುವಾಗ 7 ನಿಮಿಷದ ಸುತ್ತುದಾರಿ ಎಂದರೆ ಒಂದು ಕೋಣೆಯ ಬೆಂಕಿ ಇಡೀ ಮನೆಯದಾಗುವಷ್ಟು ಸಮಯ.

ಇನ್ನು ಗಾಡಿಯ ಖರೀದಿ. ಇದರಲ್ಲಿ ಪಟ್ಟಣಗಳು ಎಡವುವುದು ಬೆಲೆಯ ಚೌಕಾಸಿಯಲ್ಲಿ ಎನ್ನುವುದಕ್ಕಿಂತ, ಕೂಡಿಡುವ ಲೆಕ್ಕದಲ್ಲಿ. ಇವತ್ತು ಗಾಡಿಯ ಬೆಲೆ 100 ಪಾಲು, ಬಾಳಿಕೆ 20 ವರ್ಷ ಎಂದುಕೊಳ್ಳಿ. ವರ್ಷಕ್ಕೆ 5 ಪಾಲಿನಂತೆ ಮೀಸಲು ನಿಧಿಗೆ ಹಾಕಿದರೆ 20 ವರ್ಷಕ್ಕೆ 100 ಆಯಿತಲ್ಲ ಎಂದು ಗುಮಾಸ್ತರು ಬರೆದಿಡುತ್ತಾರೆ. ನಿಧಿಗೆ ವರ್ಷಕ್ಕೆ ಶೇ. 2 ಬಡ್ಡಿ ಬಂದರೆ ಅದು 121 ಆಗುತ್ತದೆ. ಗಾಡಿಯ ಬೆಲೆ ಮಾತ್ರ ವರ್ಷಕ್ಕೆ ಶೇ. 4ರಂತೆ ಏರಿ ಅಷ್ಟು ಹೊತ್ತಿಗೆ 219ರಲ್ಲಿ ನಿಂತಿರುತ್ತದೆ. ಅಂದರೆ ಹೆಚ್ಚುಕಡಿಮೆ ಅರ್ಧ ಗಾಡಿಯ ದುಡ್ಡು ಕೈಯಲ್ಲಿ. ಇದೇ ಬೆಲೆ ಮುಟ್ಟಬೇಕಾದರೆ ವರ್ಷಕ್ಕೆ 9 ಪಾಲು ಹಾಕಬೇಕು. ಮೊದಲ ವರ್ಷವೇ ಅಷ್ಟು ಆಗದು ಎಂದಾದರೆ 6.2ರಿಂದ ಶುರು ಮಾಡಿ, ಬೆಲೆ ಏರಿದ ಹಾಗೆ ಪ್ರತಿ ವರ್ಷ ಕಂತನ್ನೂ ಶೇ. 4ರಷ್ಟು ಏರಿಸುತ್ತ ಹೋದರೂ ಗುರಿ ಮುಟ್ಟುತ್ತದೆ. ಕೊನೆಯ ವರ್ಷದ ಕಂತು ಆಗ 13 ಪಾಲಿನ ಹತ್ತಿರ ಬಂದಿರುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ವಾಸಿ. ತೆರಿಗೆಯ ಆದಾಯವೂ ಹಾಗೇ ಮೆಲ್ಲಗೆ ಏರುವುದರಿಂದ ಯಾವ ವರ್ಷವೂ ಕಂತು ಮೈಮೇಲೆ ಬಿದ್ದಂತೆ ಅನ್ನಿಸುವುದಿಲ್ಲ.

ಆ ನಿಧಿ ಉಳಿಯಬೇಕಲ್ಲ? ‘ಸಾಮಾನ್ಯ ಮೀಸಲು’ ಎಂದು ಹೆಸರಿಟ್ಟರೆ ಮೂರನೇ ವರ್ಷಕ್ಕೆ ಅದು ಇನ್ಯಾವುದೋ ಗುಂಡಿ ಮುಚ್ಚಲು ಹೋಗಿರುತ್ತದೆ. ಹೆಸರು ನಿರ್ದಿಷ್ಟವಾಗಿರಲಿ: ಇಂಥ ವರ್ಷ ತಯಾರಾದ ಇಂಥ ಗಾಡಿಯ ಬದಲಿಗೆ, ಇಂಥ ವರ್ಷ ಕೊಳ್ಳಲು. ಬೇರೆ ಕೆಲಸಕ್ಕೆ ತಿರುಗಿಸಬೇಕಾದರೆ ಸಾದಾ ಬಹುಮತ ಸಾಲದು ಎಂದು ಠರಾವಿನಲ್ಲೇ ಬರೆದಿಡಬೇಕು.

20 ವರ್ಷ ಎಂಬುದು ಎಲ್ಲಿಂದ ಬಂತು? ಅಮೆರಿಕದ ಎನ್‌ಎಫ್‌ಪಿಎ ಎಂಬ ಅಗ್ನಿ ಸುರಕ್ಷತಾ ಸಂಸ್ಥೆಯ ಮಾನದಂಡಗಳ ಶಿಫಾರಸಿನಂತೆ, ಚೆನ್ನಾಗಿ ನೋಡಿಕೊಂಡ ಗಾಡಿಯನ್ನೂ 15 ವರ್ಷ ದಾಟಿದ ಮೇಲೆ ಮುಂಚೂಣಿಯಿಂದ ತೆಗೆದು ಮೀಸಲಿಗೆ ಇಡಬೇಕು, 25 ದಾಟಿದರೆ ಸೇವೆಯಿಂದಲೇ ಬಿಡಬೇಕು. ಸಣ್ಣ ಪಟ್ಟಣಗಳು ಈ ಎರಡರ ನಡುವೆ ಎಲ್ಲೋ ನಿಲ್ಲುತ್ತವೆ. ಆದರೆ ವಯಸ್ಸೊಂದೇ ಅಳತೆಯಾದರೆ ಮೋಸ. ಓಡಿದ ಕಿಲೋಮೀಟರ್ ನೋಡಿದರೆ ಇನ್ನೂ ದೊಡ್ಡ ಮೋಸ. ಅಗ್ನಿಶಾಮಕ ಗಾಡಿ ಓಡುವುದಕ್ಕಿಂತ ನಿಂತಲ್ಲೇ ಎಂಜಿನ್ ಚಾಲೂ ಇಟ್ಟು ಪಂಪು ತಿರುಗಿಸುವುದೇ ಹೆಚ್ಚು. ವಾಹನ ನಿರ್ವಾಹಕರ ಕೈಲೆಕ್ಕದಲ್ಲಿ ಎಂಜಿನ್ ಒಂದು ಗಂಟೆ ನಿಂತು ತಿರುಗಿದರೆ 40–50 ಕಿಲೋಮೀಟರ್ ಓಡಿದ ಸವೆತ. ಹಾಗಾಗಿ ಮೀಟರಿನಲ್ಲಿ 30,000 ಕಿಲೋಮೀಟರ್ ತೋರಿಸುವ, ‘ಹೊಸದರಂತಿರುವ’ ಸೆಕೆಂಡ್ ಹ್ಯಾಂಡ್ ಗಾಡಿಯ ಗಂಟೆ ಮೀಟರ್ ನೋಡದೆ ಮುಂಗಡ ಕೊಡಬಾರದು. ಅದರ ಜೊತೆಗೆ ಷಾಸಿಯ ಕಂಬಿಗಳ ಒಳಮೈಯಲ್ಲಿ ಪದರ ಪದರ ತುಕ್ಕು ಇದೆಯೇ ಎಂದು ನೋಡಿ. ಟೈರಿನ ಪಕ್ಕದ ತಯಾರಿಕೆ ದಿನಾಂಕವನ್ನೂ ಓದಿ. ಹಲ್ಲು ಸವೆಯದೇ ಇದ್ದರೂ 7 ವರ್ಷಕ್ಕೆ ಟೈರ್ ಬದಲಿಸಬೇಕು ಎನ್ನುತ್ತದೆ ಮಾನದಂಡ. ನಿಂತಲ್ಲೇ ನಿಂತ ರಬ್ಬರ್ ಒಳಗಿಂದ ಬಿರಿಯುತ್ತದೆ. ಭಾರದ ಗಾಡಿಯ ಆರು ಅಥವಾ ಹತ್ತು ಟೈರು ಒಟ್ಟಿಗೆ ಬಂದರೆ ಅದು ಸಣ್ಣ ಬಾಬತ್ತೇನಲ್ಲ, ಆದರೂ ಬಹಳ ಬಜೆಟ್‌ಗಳಲ್ಲಿ ಅದಕ್ಕೆ ಸಾಲೇ ಇರುವುದಿಲ್ಲ.

ಪಂಪಿನ ಆರೋಗ್ಯಕ್ಕೆ ವರ್ಷಕ್ಕೊಂದು ಪರೀಕ್ಷೆ ಇದೆ: 150 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ಪೂರ್ತಿ ಸಾಮರ್ಥ್ಯದ ನೀರು, 200ರಲ್ಲಿ ಶೇ. 70, 250ರಲ್ಲಿ ಶೇ. 50 ಹರಿಯಬೇಕು. ಅದಕ್ಕೂ ಮೊದಲು ನಿರ್ವಾತ ಪರೀಕ್ಷೆ: 22 ಇಂಚು ಪಾದರಸದಷ್ಟು ಎಳೆದು ಬಿಟ್ಟರೆ 5 ನಿಮಿಷದಲ್ಲಿ 10 ಇಂಚಿಗಿಂತ ಹೆಚ್ಚು ಇಳಿಯಬಾರದು. ಇಳಿದರೆ ತಪ್ಪು ಹೆಚ್ಚಾಗಿ ವಾಲ್ವಿನ ಸೀಲು, ಡ್ರೈನ್ ಕೊಳಾಯಿ ಅಥವಾ ಶಾಫ್ಟಿನ ಪ್ಯಾಕಿಂಗಿನಲ್ಲಿ ಇರುತ್ತದೆ. ಅದು ದುರಸ್ತಿಯ ಸಣ್ಣ ಖರ್ಚು. ನಿರ್ವಾತ ಗಟ್ಟಿಯಾಗಿದ್ದೂ 150ರಲ್ಲಿ ಪೂರ್ತಿ ನೀರು ಬರದಿದ್ದರೆ ಒಳಗೆ ನೀರು ತಳ್ಳುವ ಚಕ್ರ (ಇಂಪೆಲ್ಲರ್) ಮತ್ತು ಅದರ ಸುತ್ತಿನ ಬಳೆ (ವೇರ್ ರಿಂಗ್) ಸವೆದಿರಬಹುದು, ಇಲ್ಲವೇ ಎಂಜಿನ್ ಸೋತಿರಬಹುದು. ಅದು ದೊಡ್ಡ ಖರ್ಚು. ಪರೀಕ್ಷೆಯ ಅಂಕಿಗಳನ್ನು ವರ್ಷ ವರ್ಷ ಒಂದೇ ಪುಸ್ತಕದಲ್ಲಿ ಬರೆದಿಟ್ಟರೆ ಇಳಿಜಾರು ಕಣ್ಣಿಗೆ ಕಾಣುತ್ತದೆ. ‘ಗಾಡಿ ಹಳೆಯದಾಯಿತು’ ಎನ್ನುವುದಕ್ಕಿಂತ ಆ ಪುಟ ಸಭೆಯ ಮುಂದೆ ಹೆಚ್ಚು ಮಾತಾಡುತ್ತದೆ.

ಆರ್ಡರ್ ಕೊಟ್ಟ ಮೇಲಿನ ಕಾಯುವಿಕೆಯೂ ಬಜೆಟಿನ ಭಾಗವೇ. ಹೊಸ ಗಾಡಿ ಕೈಗೆ ಬರಲು ಈಗ ಎರಡು ಮೂರು ವರ್ಷ ಹಿಡಿಯುವುದು ಮಾಮೂಲಿ. ಆ ನಡುವೆ ಬೆಲೆ ಏರಿಸುವ ಷರತ್ತು ಒಪ್ಪಂದದಲ್ಲಿದೆಯೇ, ಇದ್ದರೆ ಮೇಲ್ಮಿತಿ ಎಷ್ಟು, ಎಂಜಿನ್‌ನ ಹೊಗೆ ನಿಯಮ ಬದಲಾದರೆ ಹೆಚ್ಚುವರಿ ಬೆಲೆ ಯಾರ ತಲೆಗೆ—ಇವನ್ನು ಸಹಿಗೆ ಮುಂಚೆ ಓದಬೇಕು. ಪೂರ್ತಿ ಹಣ ಮುಂಗಡ ಕೊಟ್ಟರೆ ರಿಯಾಯಿತಿ ಎಂದು ತಯಾರಕರು ಆಸೆ ತೋರಿಸುತ್ತಾರೆ. ರಿಯಾಯಿತಿಯನ್ನು ಅಷ್ಟು ವರ್ಷದ ಬಡ್ಡಿಯ ಜೊತೆ ತೂಗಿ ನೋಡಿ, ಬ್ಯಾಂಕ್ ಗ್ಯಾರಂಟಿ ಇಲ್ಲದೆ ಕೊಡಲೇಬೇಡಿ. ಕಂಪನಿ ಮುಳುಗಿದರೆ ಅರ್ಧ ಕಟ್ಟಿದ ಷಾಸಿ ಕೂಡ ಪಟ್ಟಣದ ಪಾಲಿಗೆ ಬರುವುದಿಲ್ಲ.

ಟೆಂಡರಿನ ಬೆಲೆಯಲ್ಲಿ ಏನೇನು ಇರುವುದಿಲ್ಲ ಎಂಬ ಪಟ್ಟಿ ಯಾವಾಗಲೂ ಇರುವುದರ ಪಟ್ಟಿಗಿಂತ ಉಪಯೋಗಕ್ಕೆ ಬರುತ್ತದೆ. ಹೋಸ್, ನಾಜಲ್, ರೇಡಿಯೋ, ಹಲವು ಬಾರಿ ಏಣಿಯೂ ಬೇರೆಯಾಗಿ ಕೊಳ್ಳಬೇಕು. ತಯಾರಿಕೆಯ ನಡುವೆ ಮತ್ತು ಕೊನೆಗೆ ಕಾರ್ಖಾನೆಗೆ ಹೋಗಿ ತಪಾಸಣೆ ಮಾಡುವವರ ಪ್ರಯಾಣ ಖರ್ಚು, ಚಾಲಕರ ತರಬೇತಿ, ಮೊದಲ ವರ್ಷದ ವಿಮೆ—ಇವೂ ಹೊರಗೇ. ಆಮೇಲೆ ಠಾಣೆಯ ಬಾಗಿಲು. ಹೊಸ ಗಾಡಿಗಳು ಹಳೆಯವಕ್ಕಿಂತ ಎತ್ತರ, ಉದ್ದ. ಗಾಡಿ ಬಂದು ನಿಂತ ದಿನ ಬಾಗಿಲ ತೊಲೆಗೆ ತಾಗಿದರೆ, ಕಟ್ಟಡದ ಖರ್ಚು ಯಾವ ಲೆಕ್ಕಶೀರ್ಷಿಕೆಯಲ್ಲೂ ಇಲ್ಲದೆ ಎದುರಿಗೆ ಬರುತ್ತದೆ. ಸಿದ್ಧತಾ ಹಂತದಲ್ಲಿ ಅಳತೆ ಟೇಪು ಹಿಡಿದು ಬಾಗಿಲಿನ ಎತ್ತರ ಅಳೆಯುವುದಕ್ಕೆ ಖರ್ಚೇನೂ ಇಲ್ಲ. ಆ ಅಳತೆಯ ಪಕ್ಕದಲ್ಲೇ ಇನ್ನೊಂದು ಅಂಕಿ ಬರೆದಿರಬೇಕು: ಠಾಣೆಯಿಂದ ಹೊರಡುವ ದಾರಿಗಳಲ್ಲಿರುವ ಸೇತುವೆಗಳ ತೂಕ ಮಿತಿ. ಟ್ಯಾಂಕ್ ಎಷ್ಟು ದೊಡ್ಡದಿರಬೇಕು, ಹಿಂದೆ ಒಂದು ಆಕ್ಸಲೋ ಎರಡೋ ಎಂದು ತೀರ್ಮಾನಿಸಬೇಕಾದದ್ದು ಅದನ್ನು ಕಣ್ಣ ಮುಂದೆ ಇಟ್ಟುಕೊಂಡೇ. 1,000 ಲೀಟರ್ ಕಡಿಮೆ ಮಾಡಿದರೆ ಒಂದು ಟನ್ ಇಳಿಯುತ್ತದೆ. ಆ ಒಂದು ಟನ್ನಿಗಾಗಿ ಸೇತುವೆಯನ್ನೇ ಬದಲಿಸಬೇಕೋ, ಟ್ಯಾಂಕನ್ನೋ?

ಉಡುಪು ಮತ್ತು ಉಸಿರಾಟದ ಸಿಲಿಂಡರುಗಳ ವಿಚಾರ ಬೇರೆ ಥರದ್ದು. ಇವು ಗಾಡಿಯಂತೆ ಮೆಲ್ಲಗೆ ಮುದಿಯಾಗುವುದಿಲ್ಲ; ದಿನಾಂಕಕ್ಕೆ ಸತ್ತುಹೋಗುತ್ತವೆ. ಬೆಂಕಿ ನಿರೋಧಕ ಕೋಟು, ಪ್ಯಾಂಟುಗಳಿಗೆ ತಯಾರಾದ ದಿನದಿಂದ 10 ವರ್ಷ, ಹಾಕಿದರೂ ಹಾಕದಿದ್ದರೂ. ಕಾರ್ಬನ್ ನಾರಿನ ಸಿಲಿಂಡರಿಗೆ ಸಾಮಾನ್ಯವಾಗಿ 15 ವರ್ಷ, ನಡುವೆ 5 ವರ್ಷಕ್ಕೊಮ್ಮೆ ಜಲ ಒತ್ತಡ ಪರೀಕ್ಷೆ. 30 ಜನರ ದಳದಲ್ಲಿ ವರ್ಷಕ್ಕೆ 3 ಸೆಟ್ ಉಡುಪು ಬದಲಿಸುತ್ತ ಬಂದರೆ ಅದು ಯಾರ ಕಣ್ಣಿಗೂ ಬೀಳದ ಖರ್ಚು. ಆದರೆ ಒಂದು ವರ್ಷ ದೊಡ್ಡ ಅನುದಾನ ಬಂದು 30 ಸೆಟ್ಟನ್ನೂ ಒಟ್ಟಿಗೆ ಕೊಂಡರೆ ಹತ್ತನೇ ವರ್ಷಕ್ಕೆ 30ಕ್ಕೆ 30 ಒಂದೇ ತಿಂಗಳಲ್ಲಿ ಅವಧಿ ಮುಗಿಸುತ್ತವೆ, ಆಗ ಅನುದಾನ ಬರುತ್ತದೆಂಬ ಖಾತ್ರಿ ಇಲ್ಲ. ಅನುದಾನ ಬಂದಾಗ ಬೇಡ ಎನ್ನಬೇಕಿಲ್ಲ. ಬಂದ ಮರುವರ್ಷದಿಂದಲೇ ವರ್ಷಕ್ಕೆ 3 ಸೆಟ್ಟಿನ ದುಡ್ಡನ್ನು ನಿಧಿಗೆ ಹಾಕಲು ಶುರು ಮಾಡಬೇಕು. ‘ಹೊಸ ಉಡುಪು ಇದೆಯಲ್ಲ, ಈ ವರ್ಷ ಬಾಬತ್ತು ಸೊನ್ನೆ’ ಎಂದು ಬರೆಯುವ ಪೆನ್ನನ್ನು ಹಿಡಿದು ನಿಲ್ಲಿಸಬೇಕಾದದ್ದು ಆ ವರ್ಷವೇ.

ಅನುದಾನಕ್ಕೆ ಇನ್ನೊಂದು ಬಾಲ ಇದೆ. ಹೆಚ್ಚಿನವು ಮೊದಲು ಖರ್ಚು ಮಾಡಿ ಆಮೇಲೆ ಬಿಲ್ಲು ತೋರಿಸಿ ಪಡೆಯುವಂಥವು. ಜೊತೆಗೆ ಪಟ್ಟಣ ತನ್ನ ಪಾಲು ಹಾಕಬೇಕು. ಅಮೆರಿಕದ ಅಗ್ನಿಶಾಮಕ ನೆರವು ಯೋಜನೆಯಲ್ಲಿ 20,000 ಜನಸಂಖ್ಯೆಯೊಳಗಿನ ಊರುಗಳಿಗೆ ಆ ಪಾಲು ಶೇ. 5. ಶೇ. 5 ಸಣ್ಣದೇ. ಆದರೆ ಉಳಿದ 95 ವಾಪಸು ಬರುವ ತನಕ ಕೈಸಾಲದ ಬಡ್ಡಿ ಯಾರು ಕಟ್ಟುತ್ತಾರೆ ಎಂಬ ಸಾಲೂ ಬಜೆಟಿನಲ್ಲಿ ಬೇಕು.

ಈಗ ಸೇತುವೆಯ ಕಡೆ. ಮುಂದೂಡಿದ್ದಕ್ಕೆ ಸೇತುವೆಯಷ್ಟು ದಂಡ ಕಟ್ಟಿಸಿಕೊಳ್ಳುವ ಸ್ವತ್ತು ಇನ್ನೊಂದಿಲ್ಲ. ಅದೂ ಹೇಳದೆ ಕೇಳದೆ. 1967ರ ಡಿಸೆಂಬರ್ 15ರಂದು ಅಮೆರಿಕದ ಪಾಯಿಂಟ್ ಪ್ಲೆಸೆಂಟ್‌ನಲ್ಲಿ ಸಿಲ್ವರ್ ಬ್ರಿಡ್ಜ್ ಬಿದ್ದು 46 ಜನ ಸತ್ತರು. ಕಾರಣ, ಒಂದು ಉಕ್ಕಿನ ಕೊಂಡಿಯ ತೂತಿನ ಅಂಚಿನಲ್ಲಿದ್ದ ಬರೀ 2.5 ಮಿಲಿಮೀಟರ್ ಆಳದ ಬಿರುಕು. ಅಲ್ಲಿನ ರಾಷ್ಟ್ರೀಯ ಸೇತುವೆ ತಪಾಸಣಾ ನಿಯಮಗಳು, 24 ತಿಂಗಳಿಗೊಮ್ಮೆ ತಪಾಸಣೆ ಎಂಬ ಕಟ್ಟಳೆ, ಸ್ಥಿತಿಗೆ 0ಯಿಂದ 9ರ ತನಕ ಅಂಕ ಕೊಡುವ ಪದ್ಧತಿ ಎಲ್ಲ ಆಮೇಲೆ ಬಂದವು. 4 ಅಥವಾ ಅದಕ್ಕಿಂತ ಕೆಳಗಿದ್ದರೆ ಸೇತುವೆಯ ಸ್ಥಿತಿ ಕಳಪೆ ಎಂದು ಲೆಕ್ಕ. ಸಣ್ಣ ಪಟ್ಟಣಗಳಿಗೆ ಇದರಲ್ಲೊಂದು ಕಂದಕ ಇದೆ: ಆ ನಿಯಮಗಳು 20 ಅಡಿಗಿಂತ ಉದ್ದದ ಸೇತುವೆಗಳಿಗೆ ಮಾತ್ರ. ಹಳ್ಳ, ತೋಡುಗಳ ಮೇಲಿನ 15–18 ಅಡಿಯ ಕಿರುಸೇತುವೆ, ಮೋರಿಗಳು ಆ ಪಟ್ಟಿಯಲ್ಲೇ ಇಲ್ಲ. ಮೇಲಿನ ಹಂತದ ತಪಾಸಕರು ಬರುವುದಿಲ್ಲ, ಅನುದಾನವೂ ಬರುವುದಿಲ್ಲ, ಫಲಕವೂ ಇರುವುದಿಲ್ಲ. ಆದರೆ 26 ಟನ್ನನ್ನು ಅದರ ಮೇಲೇ ಓಡಿಸಬೇಕು. ಪಟ್ಟಣವೇ ತನ್ನ ಖರ್ಚಿನಲ್ಲಿ ಇವುಗಳ ಪಟ್ಟಿ ಮಾಡಿ ಎಂಜಿನಿಯರ್ ಕೈಲಿ ನೋಡಿಸುವುದಕ್ಕೆ ಒಂದು ಸಣ್ಣ ಸಾಲು ಇಟ್ಟುಕೊಂಡಿದ್ದರೆ ಅದು ಇಡೀ ಪುಸ್ತಕದಲ್ಲೇ ಅತಿ ಲಾಭದ ಸಾಲು.

2022ರ ಜನವರಿ 28ರಂದು ಪಿಟ್ಸ್‌ಬರ್ಗ್‌ನ ಫರ್ನ್ ಹಾಲೋ ಸೇತುವೆ ಒಂದು ಬಸ್ಸಿನ ಸಮೇತ ಕಣಿವೆಗೆ ಬಿತ್ತು. ಯಾರೂ ಸಾಯಲಿಲ್ಲ. ಅದು ಸಣ್ಣ ಊರಿನ ಸೇತುವೆಯಲ್ಲ, ಆದರೆ ಬಿದ್ದ ಕಾರಣ ಯಾವ ಊರಿಗೂ ಹೊರತಲ್ಲ. ಅದರ ಉಕ್ಕು ಬಣ್ಣ ಬೇಡದ ಜಾತಿಯದು. ಒದ್ದೆಯಾಗಿ ಒಣಗುತ್ತಿದ್ದರೆ ಮೈಮೇಲೆ ತುಕ್ಕಿನದೇ ಒಂದು ರಕ್ಷಣಾ ಪದರ ಕಟ್ಟಿಕೊಳ್ಳುತ್ತದೆ. ನೀರು ಹೋಗುವ ಕೊಳವೆಗಳು ಕಟ್ಟಿಕೊಂಡು, ಕಾಲುಗಳ ಬುಡದಲ್ಲಿ ಕಸ, ಒದ್ದೆ ಮಣ್ಣು ಕೂತು, ಆ ಉಕ್ಕು ಒಣಗಲೇ ಇಲ್ಲ. ಹಾಗಾಗಿ ರಕ್ಷಣೆಯ ಪದರ ಕಟ್ಟಲಿಲ್ಲ, ಉಕ್ಕೇ ತಿಂದುಹೋಯಿತು. ಕೊಳವೆ ಸ್ವಚ್ಛ ಮಾಡಿ, ಕಸ ತೆಗೆಯಿರಿ ಎಂದು ತಪಾಸಣಾ ವರದಿಗಳು ವರ್ಷಗಟ್ಟಲೆ ಹೇಳುತ್ತಲೇ ಇದ್ದವು. ಸನಿಕೆ ಮತ್ತು ನೀರಿನ ಪೈಪಿನ ಕೆಲಸ ಅದು. ಇದೇ ಪ್ರಕರಣದ ತನಿಖೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಮೇಲೆ ಹಾಸಿದ ಡಾಂಬರು ಸಾಮರ್ಥ್ಯದ ಲೆಕ್ಕದಲ್ಲಿ ಹಿಡಿದದ್ದಕ್ಕಿಂತ ದಪ್ಪವಾಗಿತ್ತು.

ಡಾಂಬರಿನ ಈ ಲೆಕ್ಕ ಪ್ರತಿ ಪಟ್ಟಣವೂ ಒಮ್ಮೆ ಮಾಡಿ ನೋಡಬೇಕಾದದ್ದು. 12 ಮೀಟರ್ ಉದ್ದ, 6 ಮೀಟರ್ ಅಗಲದ ಸೇತುವೆಯ ಮೇಲೆ 25 ಮಿಲಿಮೀಟರ್ ಡಾಂಬರು ಹಾಸಿದರೆ 1.8 ಘನ ಮೀಟರ್, ಸುಮಾರು 4.2 ಟನ್. ಹಳೆಯ ಪದರ ಕೆರೆದು ತೆಗೆಯದೆ ಮೂರು ಸಲ ಹಾಸಿದರೆ 12 ಟನ್ನಿಗೂ ಹೆಚ್ಚಿನ ಭಾರ ಸದಾ ಅದರ ಬೆನ್ನ ಮೇಲೆ. ಈ ಭಾರ ಉದ್ದಕ್ಕೂ ಹರಡಿರುವುದರಿಂದ ಅಷ್ಟನ್ನೂ ನೇರವಾಗಿ ಗಾಡಿಯ ಪಾಲಿನಿಂದ ಕಳೆಯಲು ಬರುವುದಿಲ್ಲ, ಆದರೂ ರೇಟಿಂಗ್ ಖಂಡಿತ ಇಳಿಯುತ್ತದೆ. ರಸ್ತೆ ಬಾಬತ್ತಿನವರು ಒಳ್ಳೆಯ ಮನಸ್ಸಿನಿಂದಲೇ ಹಾಸಿದ ಡಾಂಬರು ಅಗ್ನಿಶಾಮಕ ಗಾಡಿಯ ದಾರಿ ಕಟ್ಟುವುದು ಹೀಗೆ. ಮೇಲಾಗಿ ನೀರು ಹೋಗುವ ಕಿಂಡಿಗಳ ಬಾಯಿ ಡಾಂಬರಿನ ಕೆಳಗೆ ಹೂತುಹೋಗುತ್ತದೆ. ಮರು ಡಾಂಬರೀಕರಣದ ಎಸ್ಟಿಮೇಟಿನಲ್ಲಿ ಸೇತುವೆ ಬಂದ ಕಡೆಯೆಲ್ಲ ‘ಮೊದಲು ಕೆರೆದು, ಮೊದಲಿನ ಮಟ್ಟಕ್ಕೇ ಹಾಸುವುದು’ ಎಂಬ ಒಂದು ಸಾಲು ಸೇರಿಸಿದರೆ ಸಾಕು.

ನಿರ್ವಹಣೆಯ ಕೆಲಸಕ್ಕೆ ವರ್ಷಕ್ಕೆ ಸೇತುವೆಗೊಂದು ದಿನ, ನಾಲ್ಕು ಆಳು, ಒಂದು ನೀರಿನ ಗಾಡಿ ಇದ್ದರೆ ಆಗುತ್ತದೆ. ಅಗ್ನಿಶಾಮಕ ದಳದ ಟ್ಯಾಂಕರನ್ನೇ ಕರೆಸಿಕೊಳ್ಳಬಹುದು. ಅವರಿಗೆ ಅದು ಪಂಪಿನ ಅಭ್ಯಾಸ. ಮೇಲ್ಮೈ ತೊಳೆಯಬೇಕು, ಕಿಂಡಿ ಬಿಡಿಸಬೇಕು, ತೊಲೆಗಳ ತುದಿ ಕೂರುವ ಕಟ್ಟೆಯ ಮೇಲಿನ ಮಣ್ಣು, ಹಕ್ಕಿ ಹಿಕ್ಕೆ ತೆಗೆಯಬೇಕು, ಕಂಬಕ್ಕೆ ಸಿಕ್ಕಿದ ಮರದ ದಿಮ್ಮಿ ಎಳೆದು ಹಾಕಬೇಕು. ಉಕ್ಕಿನ ತೊಲೆ ನಡುವಿನಲ್ಲಿ ಸಾಯುವುದು ಕಡಿಮೆ, ತುದಿಯಲ್ಲಿ ಸಾಯುತ್ತದೆ. ಮೇಲಿನ ಜಾಯಿಂಟಿನ ರಬ್ಬರ್ ಹರಿದು, ರಸ್ತೆಯ ನೀರು ಸೀದಾ ತೊಲೆಯ ತುದಿಗೂ ಬೇರಿಂಗಿಗೂ ಇಳಿಯುತ್ತದೆ. ಅಲ್ಲಿ ಕಾಣುವ ದಪ್ಪ ನೋಡಿ ಸಮಾಧಾನ ಪಡಬಾರದು. ತುಕ್ಕು ಉಕ್ಕಿಗಿಂತ ಹಲವು ಪಟ್ಟು ಜಾಗ ತಿನ್ನುವುದರಿಂದ, 12 ಮಿಲಿಮೀಟರ್ ತಗಡು 5ಕ್ಕೆ ಇಳಿದಿದ್ದರೂ ಹೊರಗೆ ಉಬ್ಬಿ ಮೊದಲಿಗಿಂತ ದಪ್ಪವಾಗಿಯೇ ಕಾಣುತ್ತದೆ. ಸುತ್ತಿಗೆಯಿಂದ ಪದರ ಉದುರಿಸಿ ಕ್ಯಾಲಿಪರ್ ಹಿಡಿದು ಅಳೆದರೆ ಮಾತ್ರ ನಿಜ ಗೊತ್ತಾಗುವುದು. ಜಾಯಿಂಟ್ ಬದಲಿಸಿ ತೊಲೆಯ ತುದಿಗೆ ಬಣ್ಣ ಹೊಡೆಸುವ ಖರ್ಚು ತೊಲೆ ಬದಲಿಸುವ ಖರ್ಚಿನ ಮುಂದೆ ಲೆಕ್ಕಕ್ಕೇ ಇಲ್ಲ. ಆದರೆ ಜಾಯಿಂಟ್ ಹರಿದರೆ ಯಾರೂ ದೂರು ಕೊಡುವುದಿಲ್ಲ, ರಸ್ತೆಯಲ್ಲಿ ಗುಂಡಿ ಬಿದ್ದರೆ ನೂರು ಜನ ಕೊಡುತ್ತಾರೆ. ಕಡಿತದ ಕತ್ತರಿ ಯಾವುದರ ಮೇಲೆ ಬೀಳುತ್ತದೆಂದು ಬೇರೆ ಹೇಳಬೇಕಿಲ್ಲ.

ನೀರಿನ ಕೆಳಗಿನ ಕೊರೆತ ಇನ್ನೂ ಮೌನದ ಕಳ್ಳ. 1987ರ ಏಪ್ರಿಲ್ 5ರಂದು ನ್ಯೂಯಾರ್ಕ್ ರಾಜ್ಯದ ಸ್ಕೋಹರಿ ಹೊಳೆಯ ಸೇತುವೆ ಪ್ರವಾಹದಲ್ಲಿ ಬಿದ್ದು 10 ಜನ ಸತ್ತದ್ದು ಅಡಿಪಾಯದ ಕೆಳಗಿನ ಮಣ್ಣು ಕೊಚ್ಚಿಹೋಗಿ. ಮೇಲಿನ ಕಾಂಕ್ರೀಟಿನ ದೋಷದಿಂದಲ್ಲ. ಇದನ್ನು ಗಮನಿಸಲು ದುಬಾರಿ ಸಾಧನ ಬೇಡ. ಸೇತುವೆಯ ಅಂಚಿನ ತಡೆಕಂಬಿಯ ಮೇಲೆ ಮೀಟರಿಗೊಂದು ಬಣ್ಣದ ಗುರುತು ಹಾಕಿ, ಪ್ರತಿ ಗುರುತಿನಿಂದ ತುದಿಗೆ ಗುಂಡು ಕಟ್ಟಿದ ಟೇಪು ಇಳಿಬಿಟ್ಟು ಹೊಳೆಯ ತಳದ ತನಕದ ಆಳ ಬರೆದುಕೊಳ್ಳಬೇಕು. ವರ್ಷಕ್ಕೊಮ್ಮೆ, ಮತ್ತೆ ಪ್ರತಿ ನೆರೆ ಇಳಿದ ಮೇಲೊಮ್ಮೆ. ಕಂಬದ ಬುಡದಲ್ಲಿ ಒಂದೇ ವರ್ಷಕ್ಕೆ ಅರ್ಧ ಮೀಟರ್ ಇಳಿದಿದ್ದರೆ ಮುಂದಿನ ಬಜೆಟ್ ತನಕ ಕಾಯಬಾರದು, ಎಂಜಿನಿಯರನ್ನು ಅದೇ ವಾರ ಕರೆಸಬೇಕು. ಒಂದು ಎಚ್ಚರಿಕೆ: ನೆರೆಯಲ್ಲಿ ಕೊರೆದ ಗುಂಡಿ ನೀರು ಇಳಿಯುವಾಗ ಮರಳಿನಿಂದ ತಾನೇ ಮುಚ್ಚಿಕೊಳ್ಳುವುದುಂಟು. ಆ ಸಡಿಲ ಮರಳು ಭಾರ ಹೊರುವುದಿಲ್ಲ. ಕಂಬಿ ಚುಚ್ಚಿ ಗಟ್ಟಿ ತಳ ಎಲ್ಲಿದೆ ಎಂದೂ ನೋಡಬೇಕು.

ಕಾಂಕ್ರೀಟ್ ದುರಸ್ತಿಯ ಎಸ್ಟಿಮೇಟ್ ಏಕೆ ಯಾವಾಗಲೂ ಮೀರುತ್ತದೆ ಎಂಬುದಕ್ಕೂ ಕಾರಣ ಇದೆ. ಸುತ್ತಿಗೆ ಬಡಿದೋ ಸರಪಳಿ ಎಳೆದೋ ಟೊಳ್ಳು ಸದ್ದು ಕೇಳಿದ ಜಾಗ ಗುರುತು ಮಾಡಿ ‘ಇಷ್ಟು ಚದರ ಮೀಟರ್’ ಎಂದು ಬರೆಯುತ್ತಾರೆ. ಒಡೆಯಲು ಶುರು ಮಾಡಿದರೆ ತುಕ್ಕು ಕಂಬಿಯ ಗುಂಟ ಇನ್ನಷ್ಟು ಓಡಿರುತ್ತದೆ. ಕಂಬಿಯ ಹಿಂಬದಿಗೂ ಸುಮಾರು 20 ಮಿಲಿಮೀಟರ್ ಕಾಂಕ್ರೀಟ್ ತೆಗೆದು ತೇಪೆ ಹಾಕದಿದ್ದರೆ ಅದು ಎರಡು ಮೂರು ವರ್ಷಕ್ಕೆ ಎದ್ದು ಬರುತ್ತದೆ. ಆದ್ದರಿಂದ ಒಟ್ಟು ಮೊತ್ತದ ಗುತ್ತಿಗೆಗಿಂತ ಚದರ ಮೀಟರಿನ ದರದ ಗುತ್ತಿಗೆ ಒಳ್ಳೆಯದು. ಪ್ರಮಾಣ ಹೆಚ್ಚಾದರೆ ಅದೇ ದರ ಎಂಬ ಷರತ್ತು ಇರಲಿ, ಜೊತೆಗೆ ಶೇ. 20–25ರಷ್ಟು ಹೆಚ್ಚುವರಿ ಮೊತ್ತಕ್ಕೆ ಮೊದಲೇ ಮಂಜೂರಾತಿ ಪಡೆದಿರಲಿ. ಇಲ್ಲದಿದ್ದರೆ ಅರ್ಧ ಒಡೆದ ಸೇತುವೆಯನ್ನು ಹಾಗೇ ಬಿಟ್ಟು ಮುಂದಿನ ಸಭೆಗೆ ಕಾಯಬೇಕಾಗುತ್ತದೆ, ಆಗ ಗುತ್ತಿಗೆದಾರರು ಹೇಳಿದ್ದೇ ದರ.

ವಿನ್ಯಾಸ ಮತ್ತು ಕಾಮಗಾರಿಯನ್ನು ಎರಡು ಬೇರೆ ವರ್ಷದ ಬಜೆಟಿನಲ್ಲಿ ಇಡುವುದು ಜಾಣತನ. ಹೊಳೆಯಲ್ಲಿ ಇಳಿದು ಕೆಲಸ ಮಾಡಲು ನೀರು ಕಡಿಮೆ ಇರುವ ಕೆಲವೇ ವಾರ ಸಿಗುತ್ತವೆ. ಒಂದೇ ವರ್ಷದಲ್ಲಿ ವಿನ್ಯಾಸ, ಅನುಮತಿ, ಟೆಂಡರ್ ಎಲ್ಲ ಮುಗಿಸಲು ಹೊರಟರೆ ಆ ವಾರಗಳು ಕಳೆದಿರುತ್ತವೆ, ಒಳ್ಳೆಯ ಗುತ್ತಿಗೆದಾರರೂ ಬೇರೆ ಕಡೆ ಒಪ್ಪಿಕೊಂಡಿರುತ್ತಾರೆ. ನಕ್ಷೆ, ಅನುಮತಿ ಸಿದ್ಧವಾಗಿ ಕಪಾಟಿನಲ್ಲಿದ್ದರೆ ಹಠಾತ್ತನೆ ಬರುವ ಅನುದಾನಕ್ಕೂ ಮೊದಲು ಕೈ ಎತ್ತಬಹುದು. ಸಾಲ ತೆಗೆಯುವುದಾದರೆ ಅವಧಿ ಸ್ವತ್ತಿನ ಬಾಳಿಕೆಗಿಂತ ಚಿಕ್ಕದಿರಲಿ: ಸೇತುವೆಗೆ 20 ವರ್ಷ ಒಪ್ಪಬಹುದು, ಗಾಡಿಗೆ 10, ಉಡುಪಿಗೆ ಸಾಲ ಬೇಡವೇ ಬೇಡ.

ಸಭೆಯ ಮುಂದಿಡುವ ಆ ಒಂದೇ ಹಾಳೆಯಲ್ಲಿ ಗಾಡಿಗಳು ಅಡ್ಡಸಾಲಿನಲ್ಲಿ, ಸೇತುವೆಗಳು ಉದ್ದಸಾಲಿನಲ್ಲಿ ಇರಲಿ. ಪ್ರತಿ ಚೌಕದಲ್ಲಿ ದಾಟಬಹುದು ಅಥವಾ ಬಾರದು, ಬಾರದಿದ್ದರೆ ಸುತ್ತುದಾರಿ ಎಷ್ಟು ನಿಮಿಷ, ಆಚೆ ಎಷ್ಟು ಮನೆ, ಶಾಲೆ ಅಥವಾ ಆಸ್ಪತ್ರೆ ಇದೆಯೇ. ಸೇತುವೆಗಳ ಆದ್ಯತೆ ಬದಲಾಗುವುದು ಆಗಲೇ. ಸ್ಥಿತಿಯ ಅಂಕ 4 ಇರುವ ಸೇತುವೆಗಿಂತ 5 ಇರುವುದು ಮೊದಲಾಗಬಹುದು, ಏಕೆಂದರೆ ಅದರಾಚೆ 80 ಮನೆಗಳಿದ್ದು ಬೇರೆ ದಾರಿಯೇ ಇಲ್ಲದಿರಬಹುದು. ತಕ್ಷಣ ದುಡ್ಡಿಲ್ಲದ ಕಡೆ ಬೇರೆ ದಾರಿಗಳೂ ಅದೇ ಹಾಳೆಯಲ್ಲಿ ಹೊಳೆಯುತ್ತವೆ. ಆಚೆ ದಡಕ್ಕೆ ಹತ್ತಿರವಿರುವ ನೆರೆ ಪಟ್ಟಣದ ಜೊತೆ ಪರಸ್ಪರ ನೆರವಿನ ಒಪ್ಪಂದ, ಆಚೆ ಕಡೆಗೆ ಒಂದು ಹಗುರ ಗಾಡಿ, ಇಲ್ಲವೇ ಹೊಳೆಯ ನೀರನ್ನೇ ಎಳೆದುಕೊಳ್ಳುವ ಒಣ ಹೈಡ್ರಂಟ್.

ಈ ಕೊನೆಯದನ್ನು ಸೇತುವೆ ಕಾಮಗಾರಿಯ ಜೊತೆಗೇ ಸೇರಿಸಿಬಿಡಬೇಕು. 150 ಮಿಲಿಮೀಟರ್ ವ್ಯಾಸದ ಪೈಪು, ನೀರಿನೊಳಗಿನ ತುದಿಗೆ ಜಾಲರಿ, ಮೇಲೆ ಗಾಡಿಯ ಹೀರುಕೊಳವೆಗೆ ಹೊಂದುವ ಕಪ್ಲಿಂಗ್: ಇಷ್ಟೇ ಸಾಮಾನು. ಬೇರೆಯಾಗಿ ಮಾಡಿಸಿದರೆ ಹೊಳೆಗೆ ಇಳಿಯುವ ಅನುಮತಿ, ಅಗೆಯುವ ಯಂತ್ರ, ನೀರು ತಡೆಯುವ ಒಡ್ಡು ಇವುಗಳ ಖರ್ಚೇ ಪೈಪಿಗಿಂತ ಹೆಚ್ಚು. ಸೇತುವೆ ಕೆಲಸದಲ್ಲಿ ಅವೆಲ್ಲ ಹೇಗೂ ಅಲ್ಲೇ ಇರುತ್ತವೆ. ಜಾಲರಿ ಬೇಸಿಗೆಯ ಅತಿ ಕಡಿಮೆ ನೀರಿನ ಮಟ್ಟದಿಂದ ಸುಮಾರು 60 ಸೆಂಟಿಮೀಟರ್ ಕೆಳಗೆ, ತಳದಿಂದ ಅಷ್ಟೇ ಮೇಲೆ ಇರಬೇಕು. ಮೇಲಾದರೆ ಗಾಳಿ ಎಳೆಯುತ್ತದೆ, ಕೆಳಗಾದರೆ ಹೂಳು. ಪಂಪಿನ ಮಟ್ಟ ನೀರಿಗಿಂತ 3 ಮೀಟರಿನೊಳಗಿದ್ದರೆ ಪೂರ್ತಿ ಸಾಮರ್ಥ್ಯ ನಿರೀಕ್ಷಿಸಬಹುದು, 6 ಮೀಟರ್ ದಾಟಿದರೆ ಹೀರುವುದೇ ಕಷ್ಟ. ಗಾಡಿ ನಿಲ್ಲುವ ಜಾಗ ಸೇತುವೆಯ ಮೇಲಾಗದೆ ದಡದ ಗಟ್ಟಿ ನೆಲದಲ್ಲಿರಲಿ.

ಕಾಮಗಾರಿಯ ಎಸ್ಟಿಮೇಟಿನ ಕಟ್ಟಕಡೆಗೆ ಒಂದು ಬಾಬತ್ತು ಬಹಳ ಸಲ ಬಿಟ್ಟುಹೋಗಿರುತ್ತದೆ: ಕೆಲಸ ಮುಗಿದ ಮೇಲಿನ ಮರು ರೇಟಿಂಗ್. ಅದಕ್ಕೆ ದುಡ್ಡಿಡದಿದ್ದರೆ ಹೊಸ ತೊಲೆ ಕೂರಿಸಿದ ಸೇತುವೆಯ ಮೇಲೂ ಹಳೆಯ ತೂಕ ಮಿತಿಯ ಫಲಕವೇ ಉಳಿದು, ಗಾಡಿ ಸುತ್ತುದಾರಿಯಲ್ಲೇ ಹೋಗುತ್ತಿರುತ್ತದೆ. ಹೊಸ ಅಂಕಿಯ ಕಾಗದ ರಸ್ತೆ ವಿಭಾಗದ ಕಡತ ಸೇರುವ ಮೊದಲು ಅದರ ಒಂದು ಪ್ರತಿ ಠಾಣೆಯ ಗೋಡೆಯ ನಕ್ಷೆಗೂ ಇನ್ನೊಂದು ಕರೆ ಸ್ವೀಕರಿಸುವ ಕೇಂದ್ರಕ್ಕೂ ಹೋಗಬೇಕು.